ವೀಗನ್ ಊಟದಲ್ಲಿ ಕ್ಯಾಲೊರಿ ಸಾಲುತ್ತಿಲ್ಲವೇ? ಬಳ್ಳಾರಿ, ರಾಯಚೂರು, ಕೊಪ್ಪಳದವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನು, ಮೊಟ್ಟೆ, ಮಾಂಸ ಯಾವುದೂ ಇಲ್ಲದ ಊಟವೇ ವೀಗನ್ ಊಟ. ನಮ್ಮ ಕಡೆ ಇದೇನು ಪರದೇಶದ ಅಡುಗೆಯಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ), ಹಸಿ ಉಳ್ಳಾಗಡ್ಡಿ ಇರುವ ತಾಟಿನಿಂದ ಮೊಸರಿನ ಬಟ್ಟಲು ತೆಗೆದರೆ ವೀಗನ್ ಊಟ ಆಗಿಬಿಡುತ್ತದೆ. ತೊಂದರೆ ಶುರುವಾಗುವುದೂ ಅಲ್ಲೇ: ಬಟ್ಟಲು ತೆಗೆದವರು ಅದರ ಜಾಗದಲ್ಲಿ ಏನನ್ನೂ ಇಡುವುದಿಲ್ಲ. ಕೆಳಗಿನ ಲೆಕ್ಕಗಳೆಲ್ಲ ಅಂದಾಜಿನವು. ತಳಿ, ನೀರಿನಂಶ, ಅಳತೆಯ ಚಮಚ ನೋಡಿಕೊಂಡು ನೂರಕ್ಕೆ ಐದು-ಹತ್ತು ಆಚೀಚೆ ಆಗುತ್ತದೆ. ದೊಡ್ಡ ಚಮಚ ಎಂದರೆ 15 ಮಿಲಿ, ಟೀ ಚಮಚ ಎಂದರೆ 5 ಮಿಲಿ.

ನನಗೆ ದಿನಕ್ಕೆ ಎಷ್ಟು ಕ್ಯಾಲೊರಿ ಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ 65 ಕೆಜಿ ತೂಕದ ಗಂಡಸಿಗೆ ಕೂತು ಮಾಡುವ ಕೆಲಸವಾದರೆ 2,110, ಮಧ್ಯಮ ದುಡಿಮೆಯಾದರೆ 2,710, ಮೈಮುರಿಯುವ ಕೆಲಸವಾದರೆ 3,470 ಕ್ಯಾಲೊರಿ ಬೇಕು. 55 ಕೆಜಿಯ ಹೆಂಗಸಿಗೆ ಅದೇ ಕ್ರಮದಲ್ಲಿ 1,660, 2,130, 2,720. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮಷೀನಿನ ಮುಂದೆ ಹತ್ತು ತಾಸು ಕೂತವರಿಗೆ ಬೆನ್ನು ಬಿದ್ದುಹೋಗಿರುತ್ತದೆ, ನಿಜ. ಆದರೂ ಕ್ಯಾಲೊರಿ ಲೆಕ್ಕದಲ್ಲಿ ಅದು ಕೂತ ಕೆಲಸವೇ. ಸಿಂಧನೂರು, ಗಂಗಾವತಿ ಕಡೆ ನಾಟಿ ಹಚ್ಚುವವರು, ಹಮಾಲರು, ಕಲ್ಲಿನ ಕ್ವಾರಿಯವರು ಮೂರನೆಯ ಸಾಲಿನವರು.

ಈ ಅಂಕಿ ಆರಂಭಕ್ಕೆ ಮಾತ್ರ. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತು, ಮುಂಜಾನೆ ಏನೂ ತಿನ್ನುವ ಮೊದಲು ತೂಕ ನೋಡಿ ಬರೆದಿಡಿ. ನಾಲ್ಕು ವಾರ ಒಂದೇ ಕಡೆ ನಿಂತಿದ್ದರೆ ನಿಮ್ಮ ಊಟ ನಿಮಗೆ ಸಾಕಾಗುತ್ತಿದೆ, ಪುಸ್ತಕ ಏನೇ ಹೇಳಲಿ.

ಹಾಲು-ಮೊಸರು ಬಿಟ್ಟು ಎರಡು ತಿಂಗಳಾಯಿತು, ಮೂರು ಕೆಜಿ ಇಳಿದಿದ್ದೇನೆ. ಊಟ ಮೊದಲಿನಷ್ಟೇ ಇದೆ. ಹೇಗೆ?

ಮೊದಲಿನಷ್ಟೇ ಇಲ್ಲ, ಅದೇ ಕಾರಣ. ದಿನಕ್ಕೆ ಮೂರು ಚಹಾ, ಒಂದೊಂದಕ್ಕೆ 60 ಮಿಲಿ ಎಮ್ಮೆ ಹಾಲು ಅಂತ ಹಿಡಿದರೆ ಅಲ್ಲೇ ಸುಮಾರು 200 ಕ್ಯಾಲೊರಿ. ಒಂದು ಬಟ್ಟಲು ಗಟ್ಟಿ ಮೊಸರು 130. ಬಿಸಿ ರೊಟ್ಟಿ ಮೇಲಿನ ಬೆಣ್ಣೆ, ಅನ್ನದ ಮೇಲಿನ ತುಪ್ಪ ಸೇರಿ ಎರಡು ಟೀ ಚಮಚ ಆದರೆ 80. ಒಟ್ಟು 400ರ ಮೇಲಾಯಿತು. ತಿಂಗಳಿಗೆ 12,000, ಎರಡು ತಿಂಗಳಿಗೆ 24,000. ಮೈಯ ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಎಂದು ಹಿಡಿದು ಭಾಗಿಸಿ ನೋಡಿ. ನಿಮ್ಮ ಮೂರು ಕೆಜಿ ಎಲ್ಲಿ ಹೋಯಿತು ಅಂತ ಗೊತ್ತಾಗುತ್ತದೆ.

ಇದನ್ನು ತುಂಬಿಸಲು ಹೆಚ್ಚಿಗೆ ಉಣ್ಣಬೇಕಾಗಿಲ್ಲ. ಒಂದು ಹಿಡಿ ಹುರಿದ ಶೇಂಗಾ (30 ಗ್ರಾಂ, 170 ಕ್ಯಾಲೊರಿ), ಪಲ್ಯಕ್ಕೋ ಹಿಂಡಿಗೋ ಒಂದು ದೊಡ್ಡ ಚಮಚ ಎಣ್ಣೆ (120), ಒಂದು ಪಚ್ಚಬಾಳೆ (90). ಒಟ್ಟು 380. ಇಷ್ಟೇ ಕೆಲಸ. ಆದರೆ ಬಹಳ ಮಂದಿ ವೀಗನ್ ಆದ ಹುರುಪಿನಲ್ಲಿ ಎಣ್ಣೆಯನ್ನೂ ಕಡಿಮೆ ಮಾಡುತ್ತಾರೆ, ಸಕ್ಕರೆಯನ್ನೂ ಬಿಡುತ್ತಾರೆ. ಮೂರನ್ನೂ ಒಟ್ಟಿಗೆ ಬಿಟ್ಟರೆ ಮೈ ಇಳಿಯದೆ ಇನ್ನೇನಾದೀತು?

ಹೊಟ್ಟೆ ಬಿಗಿಯುವಷ್ಟು ತಿನ್ನುತ್ತೇನೆ. ಆದರೂ ಎರಡು ತಾಸಿಗೆ ಹಸಿವು, ಸುಸ್ತು. ಯಾಕೆ?

ಹೊಟ್ಟೆ ಅಳೆಯುವುದು ಗಾತ್ರವನ್ನು, ಕ್ಯಾಲೊರಿಯನ್ನಲ್ಲ. ನಮ್ಮ ಮುಂಜಾನೆಯ ಮಂಡಕ್ಕಿ ಒಗ್ಗರಣೆಯನ್ನೇ ನೋಡಿ. ಒಂದು ಲೀಟರಿನ ಪಾತ್ರೆ ತುಂಬ ಮಂಡಕ್ಕಿ ಸುರಿದು ತೂಕಕ್ಕಿಡಿ, ಬರುವುದು ಬರೀ 60–80 ಗ್ರಾಂ. ಅಂದರೆ 210ರಿಂದ 280 ಕ್ಯಾಲೊರಿ. ಹೋಟೆಲಿನ ಒಂದು ಪ್ಲೇಟಿನಲ್ಲಿ ಅದರ ಅರ್ಧವೂ ಇರುವುದಿಲ್ಲ. ನೆನೆಸಿ ಹಿಂಡಿದ ಮಂಡಕ್ಕಿ ನೀರು ಕುಡಿದು ಭಾರವಾಗಿರುತ್ತದೆ, ತಿಂದರೆ ಗಡದ್ದಾಗಿ ಆಯಿತು ಅನ್ನಿಸುತ್ತದೆ. ಆ ಪ್ಲೇಟಿಗೆ ನಿಜವಾದ ಬಲ ಕೊಡುವುದು ಮೇಲಿನ ಪುಟಾಣಿ (ಹುರಿಗಡಲೆ) ಪುಡಿ, ಒಗ್ಗರಣೆಯ ಎಣ್ಣೆ, ಶೇಂಗಾ, ಮಗ್ಗುಲಲ್ಲಿರುವ ಎರಡು ಮಿರ್ಚಿ. ಅವನ್ನು ಬದಿಗಿಟ್ಟು ಬರೀ ಮಂಡಕ್ಕಿ ತಿಂದವರು ಹನ್ನೊಂದು ಗಂಟೆಗೆ ತೂಕಡಿಸುತ್ತಾರೆ.

100 ಗ್ರಾಂ ಲೆಕ್ಕದಲ್ಲಿ ತಿಳಿ ಸಾರಿನಲ್ಲಿ 30–40 ಕ್ಯಾಲೊರಿ, ಬೇಯಿಸಿದ ಅನ್ನದಲ್ಲಿ 130, ಮೆತ್ತನೆಯ ಜೋಳದ ರೊಟ್ಟಿಯಲ್ಲಿ ಸುಮಾರು 220, ಒಣಗಿದ ಕಟಕ ರೊಟ್ಟಿಯಲ್ಲಿ 330ರ ಮೇಲೆ, ಶೇಂಗಾ ಹಿಂಡಿಯಲ್ಲಿ 500ರ ಮೇಲೆ, ಎಣ್ಣೆಯಲ್ಲಿ 900. ಊಟದ ಶುರುವಿನಲ್ಲೇ ಎರಡು ಲೋಟ ನೀರು, ಒಂದು ಬಟ್ಟಲು ಸಾರು, ಸೌತೆಕಾಯಿ ಕೋಸಂಬರಿ ಹೊಟ್ಟೆಗಿಳಿದರೆ ರೊಟ್ಟಿಗೆ ಜಾಗವೇ ಇರುವುದಿಲ್ಲ. ತೂಕ ಇಳಿಸುವವರಿಗೆ ಇದು ಒಳ್ಳೆಯ ಉಪಾಯ, ನಿಮಗಲ್ಲ. ನೀವು ರೊಟ್ಟಿ-ಪಲ್ಯ-ಹಿಂಡಿ ಮೊದಲು ಉಂಡು, ಸಾರು ಕೊನೆಗೆ ಕುಡಿಯಿರಿ.

ಹಾಗಾದರೆ ಏನನ್ನು ಸೇರಿಸಬೇಕು? ಬಾದಾಮಿ, ಅವಕಾಡೊ, ಚಿಯಾ ತರಿಸಬೇಕೇ?

ಬೇಡ. ಬಾದಾಮಿ ಕೊಡುವಷ್ಟೇ ಕ್ಯಾಲೊರಿಯನ್ನು ಹೆಚ್ಚುಕಡಿಮೆ ಶೇಂಗಾವೂ ಕೊಡುತ್ತದೆ. ಪ್ರೋಟೀನೂ ಶೇಂಗಾದಲ್ಲಿ ಕಡಿಮೆಯಿಲ್ಲ, 100 ಗ್ರಾಂಗೆ 25 ಗ್ರಾಂ. 100 ಗ್ರಾಂ ಎಳ್ಳಿಗೆ ಸುಮಾರು 560 ಕ್ಯಾಲೊರಿ, ಗುರೆಳ್ಳು ಮತ್ತು ಅಗಸಿ 500ರ ಮೇಲೆ, ಒಣ ಕೊಬ್ಬರಿ 660. ಇವೆಲ್ಲ ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರು ಸಂತೆಯಲ್ಲೇ ಸಿಗುತ್ತವೆ. ಶೇಂಗಾ, ಸೂರ್ಯಕಾಂತಿ, ಕುಸುಬಿ, ಯಾವ ಎಣ್ಣೆಯಾದರೂ ಕ್ಯಾಲೊರಿ ಒಂದೇ. ಗಾಣದ ಎಣ್ಣೆಗೆ ರುಚಿ ಹೆಚ್ಚು, ಬಲ ಹೆಚ್ಚಲ್ಲ.

ಇವನ್ನು ಹಿಡಿಗಟ್ಟಲೆ ತಿನ್ನಲು ಹೋದರೆ ವಾರಕ್ಕೇ ಬೇಜಾರಾಗುತ್ತದೆ. ಹಿಂಡಿ ಮಾಡಿಟ್ಟರೆ ಊಟದ ಜೊತೆ ತಾನಾಗಿ ಒಳಗೆ ಹೋಗುತ್ತದೆ. 250 ಗ್ರಾಂ ಶೇಂಗಾವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 12–15 ನಿಮಿಷ ಹುರಿಯಿರಿ. ಸಿಪ್ಪೆ ಬಿರಿದು, ಬೆರಳಲ್ಲಿ ತಿಕ್ಕಿದರೆ ಉದುರಬೇಕು. ಉರಿ ದೊಡ್ಡದಾದರೆ ಹೊರಗೆ ಕಪ್ಪು, ಒಳಗೆ ಹಸಿ. ಆ ಹಸಿ ಕಾಳೇ ಹಿಂಡಿಯನ್ನು ಮೆತ್ತಗೆ ಮಾಡಿ ಬೇಗ ಕೆಡಿಸುತ್ತದೆ. ಪೂರ್ತಿ ಆರಿದ ಮೇಲೆ 10 ಎಸಳು ಬೆಳ್ಳುಳ್ಳಿ, 2 ದೊಡ್ಡ ಚಮಚ ಖಾರದ ಪುಡಿ, 1 ಟೀ ಚಮಚ ಜೀರಿಗೆ, 2 ಟೀ ಚಮಚ ಉಪ್ಪು ಸೇರಿಸಿ ಕುಟ್ಟಿ. ಒರಳು ಇಲ್ಲದಿದ್ದರೆ ಮಿಕ್ಸಿಯನ್ನು ಎರಡೆರಡು ಸೆಕೆಂಡು ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮ ತಿರುಗಿಸಿದರೆ ಬಿಸಿಯಾಗಿ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಎರಡು ಚಮಚ ಹಿಂಡಿ (20 ಗ್ರಾಂ) 105 ಕ್ಯಾಲೊರಿ. ಅದರ ಮೇಲೆ ಟೀ ಚಮಚ ಎಣ್ಣೆ ಬಿಟ್ಟು ಕಲಸಿಕೊಂಡರೆ ಇನ್ನೊಂದು 40.

ಗುರೆಳ್ಳು ಚಟಪಟ ಅಂದ ಕೂಡಲೇ ಇಳಿಸಿ, ಅರ್ಧ ನಿಮಿಷ ಹೆಚ್ಚಾದರೂ ಕಹಿ. ಅಗಸಿಯನ್ನು ಇಡಿಯಾಗಿ ತಿಂದರೆ ಹೇಗೆ ಹೋಯಿತೋ ಹಾಗೇ ಹೊರಬರುತ್ತದೆ, ಪುಡಿ ಮಾಡಲೇಬೇಕು. ಆದರೆ ಅಗಸಿಯ ಪುಡಿ ನಮ್ಮ ಬಿಸಿಲಿಗೆ ಬೇಗ ಕಮಟಾಗುತ್ತದೆ. ವಾರಕ್ಕಾಗುವಷ್ಟೇ ಪುಡಿ ಮಾಡಿ, ಉಳಿದದ್ದು ಕಾಳಾಗಿಯೇ ಇರಲಿ. ಶೇಂಗಾದಲ್ಲಿ ಮುರುಟಿದ, ಹಸಿರು-ಕಪ್ಪು ಬೂಸ್ಟು ಹಿಡಿದ, ಬಾಯಿಗೆ ಕಹಿಯಾದ ಕಾಳು ಕಂಡರೆ ಎಸೆಯಿರಿ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೂ ಪೂರ್ತಿ ಹೋಗುವುದಿಲ್ಲ.

ಇಡೀ ದಿನದ ಊಟ ಹೇಗಿರಬೇಕು? ಗ್ರಾಂ ಲೆಕ್ಕದಲ್ಲಿ ಹೇಳಿ.

ಮಧ್ಯಮ ದುಡಿಮೆಯ ಗಂಡಸಿನ ಒಂದು ದಿನ ಹೀಗಿರಬಹುದು. ಮುಂಜಾನೆ ಮಂಡಕ್ಕಿ ಒಗ್ಗರಣೆ: ಮಂಡಕ್ಕಿ 60 ಗ್ರಾಂ (210), ಎಣ್ಣೆ ಒಂದು ದೊಡ್ಡ ಚಮಚ (120), ಪುಟಾಣಿ ಪುಡಿ 20 ಗ್ರಾಂ (75), ಶೇಂಗಾ 25 ಗ್ರಾಂ (140), ಒಟ್ಟು 545. ಮಧ್ಯಾಹ್ನ ಮೂರು ರೊಟ್ಟಿ, ತಲಾ 60 ಗ್ರಾಂ ಹಿಟ್ಟಿನವು (610), 40 ಗ್ರಾಂ ಮಡಿಕೆ ಕಾಳಿನ ಪಲ್ಯ (135), ಅದಕ್ಕೆ ಎರಡು ಟೀ ಚಮಚ ಎಣ್ಣೆ (80), ಹಿಂಡಿ ಮತ್ತು ಮೇಲೆಣ್ಣೆ (145), ಕೊನೆಗೆ 50 ಗ್ರಾಂ ಅಕ್ಕಿಯ ಅನ್ನ, 15 ಗ್ರಾಂ ಬೇಳೆಯ ಸಾರು (225), ಒಟ್ಟು 1,195. ಸಂಜೆ ಎರಡು ಶೇಂಗಾ ಉಂಡಿ, ಒಂದೊಂದರಲ್ಲಿ 15 ಗ್ರಾಂ ಶೇಂಗಾ, 10 ಗ್ರಾಂ ಬೆಲ್ಲ, ಜೊತೆಗೊಂದು ಬಾಳೆಹಣ್ಣು, ಒಟ್ಟು 335. ರಾತ್ರಿ ಎರಡು ರೊಟ್ಟಿ (410), ಬದನೆಕಾಯಿ ಎಣ್ಣೆಗಾಯಿ: ಒಳಗೆ ತುಂಬಿದ ಶೇಂಗಾ-ಎಳ್ಳಿನ ಪುಡಿ 20 ಗ್ರಾಂ (110), ಎಣ್ಣೆ ದೊಡ್ಡ ಚಮಚ (120), ಬದನೆಕಾಯಿ (30), ಒಟ್ಟು 670. ದಿನದ ಮೊತ್ತ 2,745 ಕ್ಯಾಲೊರಿ, ಪ್ರೋಟೀನ್ 75 ಗ್ರಾಂ ಆಸುಪಾಸು.

ಕೂತ ಕೆಲಸದ ಹೆಂಗಸಾದರೆ ಮುಂಜಾನೆ ಇದರ ಮುಕ್ಕಾಲು ಪಾಲು, ಮಧ್ಯಾಹ್ನ ಎರಡು ರೊಟ್ಟಿ, ಅನ್ನ-ಸಾರು ಇಲ್ಲ, ಸಂಜೆ ಬಾಳೆಹಣ್ಣಿಲ್ಲದೆ ಒಂದೇ ಉಂಡಿ, ರಾತ್ರಿ ಒಂದು ರೊಟ್ಟಿ. 1,750ರ ಹತ್ತಿರ ಬರುತ್ತದೆ. ಹಮಾಲಿ ಮಾಡುವವರು ಎರಡು ಹೊತ್ತಿಗೂ ಒಂದೊಂದು ರೊಟ್ಟಿ, ಒಂದು ಉಂಡಿ, 20 ಗ್ರಾಂ ಕೊಬ್ಬರಿ, 20 ಗ್ರಾಂ ಬೆಲ್ಲ ಏರಿಸಿದರೆ 3,480 ದಾಟುತ್ತಾರೆ.

ಒಮ್ಮೆಯಾದರೂ ನಿಮ್ಮ ಮನೆಯ ರೊಟ್ಟಿಯ ಹಿಟ್ಟನ್ನು ತೂಗಿ ನೋಡಿ. ಕೆಲವು ಮನೆಯಲ್ಲಿ 45 ಗ್ರಾಂ, ಕೆಲವು ಮನೆಯಲ್ಲಿ 80. ‘ನಾಲ್ಕು ರೊಟ್ಟಿ ತಿಂದೆ’ ಎಂಬ ಮಾತಿಗೆ ಅದಿಲ್ಲದೆ ಅರ್ಥವಿಲ್ಲ.

ಏಪ್ರಿಲ್–ಮೇ ತಿಂಗಳಲ್ಲಿ ಊಟವೇ ಸೇರುವುದಿಲ್ಲ. ಏನು ಮಾಡೋಣ?

ರಾಯಚೂರಿನಲ್ಲಿ 40 ಡಿಗ್ರಿ ದಾಟಿದ ಮೇಲೆ ಹಸಿವು ಸತ್ತೇ ಹೋಗುತ್ತದೆ. ವರ್ಷವೆಲ್ಲ ಚೆನ್ನಾಗಿದ್ದವರ ತೂಕ ಇಳಿಯುವುದೂ ಆಗಲೇ. ದೊಡ್ಡ ಊಟವನ್ನು ತಂಪು ಹೊತ್ತಿಗೆ ಸರಿಸಿ: ಮುಂಜಾನೆ ಏಳರೊಳಗೆ ಒಂದು, ರಾತ್ರಿ ಎಂಟರ ಮೇಲೆ ಒಂದು. ಮಧ್ಯಾಹ್ನಕ್ಕೆ ಕುಡಿಯುವಂಥದ್ದು.

ಅಂಬಲಿ ತಂಪು ನಿಜ. ಆದರೆ ಒಂದು ಲೋಟದಲ್ಲಿ ಹೋಗುವುದು 20 ಗ್ರಾಂ ಹಿಟ್ಟು, 70 ಕ್ಯಾಲೊರಿ. ಮಜ್ಜಿಗೆಯೂ ಇಲ್ಲದ ಮೇಲೆ ಅದು ನೀರಿಗಿಂತ ಸ್ವಲ್ಪ ಮೇಲು, ಅಷ್ಟೇ. ಅದರ ಬದಲು 40 ಗ್ರಾಂ ಪುಟಾಣಿ ಹಿಟ್ಟು (150), 20 ಗ್ರಾಂ ಬೆಲ್ಲ (75), ಒಂದು ದೊಡ್ಡ ಚಮಚ ಹುರಿದ ಎಳ್ಳಿನ ಪುಡಿ (50), ಚಿಟಿಕೆ ಉಪ್ಪು, ಏಲಕ್ಕಿ ಸೇರಿಸಿ 300 ಮಿಲಿ ಗಡಿಗೆ ನೀರಿನಲ್ಲಿ ಕದಡಿ. 275 ಕ್ಯಾಲೊರಿ ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ. ಮೊದಲು ಸ್ವಲ್ಪವೇ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಉಳಿದ ನೀರು ಬೆರೆಸಿ. ಮಾಡಿದ ಅರ್ಧ ತಾಸಿನೊಳಗೆ ಕುಡಿದುಬಿಡಿ, ನಮ್ಮ ಸೆಕೆಗೆ ಹುಳಿಬರುತ್ತದೆ.

ಕಾಳು ಹೆಚ್ಚಿಸಿದ ಮೇಲೆ ಹೊಟ್ಟೆ ಉಬ್ಬರ. ಕಾಳು ಬಿಡಬೇಕೇ?

ಬಿಡಬೇಡಿ, ಒಮ್ಮೆಲೇ ಏರಿಸಿದ್ದು ತಪ್ಪು. ಮೊದಲ ವಾರ ದಿನಕ್ಕೆ 20 ಗ್ರಾಂ, ಆಮೇಲೆ ವಾರಕ್ಕೆ ಹತ್ತು ಹತ್ತು ಗ್ರಾಂ ಏರಿಸಿ. ಎಂಟು ತಾಸು ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೆರಳಲ್ಲಿ ಒತ್ತಿದರೆ ಮೆತ್ತಗಾಗುವಷ್ಟು ಬೇಯಿಸಿ. ಮೊಳಕೆಯನ್ನು ಹಸಿಯಾಗಿ ತಿನ್ನುವವರಿಗೇ ಉಬ್ಬರ ಹೆಚ್ಚು. ಹೆಸರು, ತೊಗರಿ ಸಲೀಸು. ಕಡಲೆ, ಮಡಿಕೆ, ಅಲಸಂದಿ ಸ್ವಲ್ಪ ಭಾರ. ಜೋಳದಲ್ಲೇ ನಾರು ಬೇಕಾದಷ್ಟಿದೆ. ನಾರಿನಿಂದಲೇ ಹೊಟ್ಟೆ ಬೇಗ ತುಂಬುವವರು ರಾತ್ರಿಯ ರೊಟ್ಟಿ ಬದಲು ಸೋನಾ ಮಸೂರಿ ಅನ್ನ ಉಣ್ಣಲಿ, ಅನ್ನದ ಮೇಲೆ ಒಂದು ಚಮಚ ಎಣ್ಣೆ ಇರಲಿ. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ, ‘ಬಿಳಿ ಅನ್ನ ವಿಷ’ ಅನ್ನುವವರ ಮಾತು ಮೈ ಇಳಿದವರಿಗೆ ಹೇಳಿದ್ದಲ್ಲ.

ಮೊಸರಿಲ್ಲದೆ ಊಟ ಮುಗಿದ ಹಾಗೇ ಅನ್ನಿಸುವುದಿಲ್ಲ. ಶೇಂಗಾ ಮೊಸರು ನಿಜವಾಗಿ ಆಗುತ್ತದೆಯೇ?

ಆಗುತ್ತದೆ. ಎಮ್ಮೆ ಮೊಸರಿನ ಗಟ್ಟಿತನ ಮಾತ್ರ ಕೇಳಬೇಡಿ. 100 ಗ್ರಾಂ ಹಸಿ ಶೇಂಗಾ ಆರು ತಾಸು ನೆನೆಸಿ, ಸಿಪ್ಪೆ ತೆಗೆದು (ಸಿಪ್ಪೆ ಉಳಿದರೆ ಬಣ್ಣ ಮಂಕು, ರುಚಿ ಒಗರು), 600 ಮಿಲಿ ನೀರು ಹಾಕುತ್ತಾ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಸೋಸಿ. ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವುತ್ತಾ ಹತ್ತು ನಿಮಿಷ ಕುದಿಸಿ. ತಳ ಹಿಡಿಯುವುದು, ಉಕ್ಕುವುದು ಎರಡೂ ಹಾಲಿಗಿಂತ ಬೇಗ. ಒಂದು ದೊಡ್ಡ ಚಮಚ ಅಕ್ಕಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಕುದಿಯುವಾಗಲೇ ಸೇರಿಸಿ. ಶೇಂಗಾ ಹಾಲಿನಲ್ಲಿ ಹೆಪ್ಪನ್ನು ಹಿಡಿದಿಡುವ ಕೇಸಿನ್ ಎಂಬ ಪ್ರೋಟೀನ್ ಇಲ್ಲ, ಆ ಕೆಲಸವನ್ನು ಅಕ್ಕಿಯ ಗಂಜಿ ಮಾಡುತ್ತದೆ. ಇದನ್ನು ಬಿಟ್ಟರೆ ಮೇಲೆ ಗಟ್ಟಿ, ಕೆಳಗೆ ನೀರು.

ಬೆರಳು ತಾಳುವಷ್ಟು ಬೆಚ್ಚಗಾದ ಮೇಲೆ ಹೆಪ್ಪು ಹಾಕಿ. ಮೊದಲ ಸಲಕ್ಕೆ ಹಾಲಿನ ಮೊಸರು ಬೇಡ ಎಂದರೆ ಐದಾರು ಹಸಿಮೆಣಸಿನಕಾಯಿಯ ತೊಟ್ಟು ಮುಳುಗಿಸಿಡಿ. ಮೊದಲ ಹೆಪ್ಪು ತೆಳ್ಳಗೆ, ಸ್ವಲ್ಪ ಘಾಟು. ಅದರ ಎರಡು ಚಮಚದಿಂದ ಮಾಡಿದ ಎರಡನೆಯದು ಸರಿಬರುತ್ತದೆ. ಚಳಿಗಾಲದಲ್ಲಿ ಎಂಟು ತಾಸು ಬೇಕು, ಮೇ ತಿಂಗಳಲ್ಲಿ ನಾಲ್ಕು ತಾಸಿಗೇ ನೋಡಿ, ತಡವಾದರೆ ಹುಳಿ. ಗುಲಾಬಿ ಬಣ್ಣ ಅಥವಾ ಬೂಸ್ಟು ಕಂಡರೆ ಚೆಲ್ಲಿ.

ಬಟ್ಟೆಯಲ್ಲಿ ಉಳಿದ ಚರಟದಲ್ಲಿ ಒಳ್ಳೆಯ ಪಾಲು ಕ್ಯಾಲೊರಿ ಇನ್ನೂ ಇದೆ. ರೊಟ್ಟಿ ಹಿಟ್ಟಿಗೆ ಕಲಸಿ, ಇಲ್ಲವೇ ಪಲ್ಯಕ್ಕೆ ಹಾಕಿ. ಅಂದಹಾಗೆ ಕಾಳಿನಿಂದ ಹಾಲು ತೆಗೆಯುವುದು ನಮ್ಮವರಿಗೆ ಹೊಸದಲ್ಲ. ಕುಸುಬಿ ನೆನೆಸಿ ರುಬ್ಬಿ, ಹಾಲು ಹಿಂಡಿ, ಗೋಧಿ ನುಚ್ಚು-ಬೆಲ್ಲ ಹಾಕಿ ಮಾಡುವ ಕುಸುಬಿ ಹುಗ್ಗಿ ಉತ್ತರ ಕರ್ನಾಟಕದ ಹಳೆಯ ಅಡುಗೆ.

ಚಹಾಕ್ಕೆ ಶೇಂಗಾ ಹಾಲು ಹಾಕಿದರೆ ಒಡೆಯುತ್ತದೆ ಎಂಬ ದೂರು ಸಾಮಾನ್ಯ. ಒಲೆ ಆರಿಸಿ, ಒಂದು ನಿಮಿಷ ಬಿಟ್ಟು, ಬೆಚ್ಚಗಿನ ಹಾಲು ಕೊನೆಗೆ ಬೆರೆಸಿ. ಕುದಿಯುವ ಬೆಲ್ಲದ ಚಹಾಕ್ಕೆ ತಣ್ಣನೆಯದನ್ನು ಸುರಿದರೆ ಒಡೆಯದೆ ಇರದು.

ಪ್ರೋಟೀನ್ ಸಾಲುತ್ತದೆಯೇ?

ಕ್ಯಾಲೊರಿ ಸಾಕಷ್ಟಿದ್ದು, ದಿನಕ್ಕೆ ಎರಡು ಹೊತ್ತು ಬೇಳೆ-ಕಾಳು ಇದ್ದರೆ ಸಾಲುತ್ತದೆ. ಬೇಕಾದದ್ದು ಕೆಜಿ ತೂಕಕ್ಕೆ 0.83 ಗ್ರಾಂ. ಕ್ಯಾಲೊರಿ ಕಡಿಮೆಯಾದಾಗ ತಿಂದ ಪ್ರೋಟೀನನ್ನೂ ಮೈ ಉರಿಸಿಬಿಡುತ್ತದೆ, ಹಾಗಾಗಿ ಪೌಡರ್ ಡಬ್ಬಿಗಿಂತ ಮೊದಲು ಎಣ್ಣೆ-ಶೇಂಗಾ. ವ್ಯಾಯಾಮ ಮಾಡುವವರು 30 ಗ್ರಾಂ ಸೋಯಾ ಚಂಕ್ಸ್ ಸೇರಿಸಿದರೆ 15 ಗ್ರಾಂ ಪ್ರೋಟೀನ್ ಬಂತು.

ಬಿ12 ಮಾತ್ರೆ ಕಡ್ಡಾಯವೇ? ರೇಷನ್ ಅಕ್ಕಿಯಲ್ಲಿ ಸೇರಿಸುತ್ತಾರಂತಲ್ಲ?

ಕಡ್ಡಾಯ. ಬಿ12 ಎಂಬ ವಿಟಮಿನ್ ಸಿಗುವುದು ಹಾಲು, ಮೊಟ್ಟೆ, ಮಾಂಸದಂಥವುಗಳಿಂದ, ಹಾಗಾಗಿ ಇದೊಂದರಲ್ಲಿ ಚೌಕಾಸಿ ಇಲ್ಲ. ಸಾರವರ್ಧಿತ ಅಕ್ಕಿಯ ಮಾನದಂಡವೇ ಕೆಜಿಗೆ 0.75ರಿಂದ 1.25 ಮೈಕ್ರೊಗ್ರಾಂ ಬಿ12. ದಿನಕ್ಕೆ 150 ಗ್ರಾಂ ಅಕ್ಕಿ ಉಂಡರೆ 0.2 ಮೈಕ್ರೊಗ್ರಾಂ ಕೂಡ ಸಿಗುವುದಿಲ್ಲ, ಬೇಕಾದದ್ದು 2 ಮೈಕ್ರೊಗ್ರಾಂಗಿಂತ ಹೆಚ್ಚು. ಹುಳಿ ಅಂಬಲಿ, ಶೇಂಗಾ ಮೊಸರು, ಸ್ಪಿರುಲಿನಾ ಎಂಬ ಪಾಚಿ ಯಾವುದನ್ನೂ ನಂಬಬೇಡಿ.

ದಿನಕ್ಕೆ 25–100 ಮೈಕ್ರೊಗ್ರಾಂ, ಇಲ್ಲವೇ ವಾರಕ್ಕೆ ಒಟ್ಟು 2,000. ಅಷ್ಟೊಂದು ಯಾಕೆಂದರೆ ಕರುಳು ಒಂದು ಸಲಕ್ಕೆ ಒಂದೆರಡು ಮೈಕ್ರೊಗ್ರಾಂ ಮಾತ್ರ ಸರಿಯಾಗಿ ಹೀರುತ್ತದೆ, ಅದರ ಮೇಲಿನದರಲ್ಲಿ ನೂರಕ್ಕೆ ಒಂದು ಪಾಲಷ್ಟೇ ಒಳಗೆ ಹೋಗುತ್ತದೆ. ಕ್ಯಾಪ್ಸೂಲಿನ ಹೊದಿಕೆ ಜೆಲಾಟಿನ್ (ಪ್ರಾಣಿಗಳ ಚರ್ಮ-ಮೂಳೆಯಿಂದ ತೆಗೆದದ್ದು) ಇರಬಹುದು, ಮಾತ್ರೆಯನ್ನೇ ಕೇಳಿ. ಕೈಕಾಲು ಜೋಮು, ನಾಲಿಗೆ ಉರಿ, ಮರೆವು ಇದ್ದರೆ ಮಾತ್ರೆ ಶುರು ಮಾಡುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಸಿರು ಸೊಪ್ಪಿನ ಫೋಲೇಟ್ (ಇದೂ ಒಂದು ವಿಟಮಿನ್) ಬಿ12 ಕೊರತೆಯ ರಕ್ತಹೀನತೆಯನ್ನು ಮುಚ್ಚಿಹಾಕುತ್ತದೆ, ನರಗಳ ಹಾನಿ ಮಾತ್ರ ಒಳಗೊಳಗೇ ನಡೆಯುತ್ತಿರುತ್ತದೆ.

ಹಾಸ್ಟೆಲಿನಲ್ಲಿದ್ದೇನೆ. ಅಡುಗೆ ನನ್ನ ಕೈಯಲ್ಲಿಲ್ಲ.

ಅನ್ನ, ಸಾರು, ಚಪಾತಿ ಸಿಗುತ್ತದಲ್ಲ, ಅಡಿಪಾಯ ಆಯಿತು. ಊರಿಗೆ ಹೋದಾಗ ಮೂರು ಡಬ್ಬಿ ತನ್ನಿ: ಹಿಂಡಿ, ಪುಟಾಣಿ ಹಿಟ್ಟು, ಉಂಡಿ. ಜೊತೆಗೆ ಚಿಕ್ಕ ಬಾಟಲಿಯಲ್ಲಿ ಶೇಂಗಾ ಎಣ್ಣೆ. ಅನ್ನಕ್ಕೆ ಎರಡು ಚಮಚ ಹಿಂಡಿ, ಎರಡು ಟೀ ಚಮಚ ಎಣ್ಣೆ ಕಲಸಿದರೆ ಒಂದು ಊಟಕ್ಕೆ ಹೆಚ್ಚುವರಿ 185 ಕ್ಯಾಲೊರಿ. ಉಂಡಿಗೆ ಬೆಲ್ಲದ ಪಾಕ ಒಂದೆಳೆ ದಾಟಿ ಗಟ್ಟಿಯಾದರೆ ಕಲ್ಲಾಗುತ್ತದೆ. ಪಾಕದ ಗೊಡವೆಯೇ ಬೇಡ ಎಂದರೆ ಹುರಿದ ಶೇಂಗಾ ಮತ್ತು ಪುಡಿಬೆಲ್ಲವನ್ನು ಒಟ್ಟಿಗೆ ಕುಟ್ಟಿ, ಶೇಂಗಾದ ಎಣ್ಣೆಯೇ ಉಂಡಿ ಕಟ್ಟುತ್ತದೆ. ಹಿಂಡಿಯಲ್ಲಿ ಹಸಿ ಬೆಳ್ಳುಳ್ಳಿ ಬದಲು ಹುರಿದದ್ದು ಹಾಕಿಸಿದರೆ ತಿಂಗಳವರೆಗೆ ತಡೆಯುತ್ತದೆ, ಒದ್ದೆ ಚಮಚ ಮಾತ್ರ ತಾಗಿಸಬೇಡಿ.

ಬಸುರಿ, ಬಾಣಂತಿ, ಸಣ್ಣ ಮಕ್ಕಳಿಗೆ ಇದು ಸರಿಯೇ?

ಬಸುರಿಗೆ ದಿನಕ್ಕೆ 350, ಮೊದಲ ಆರು ತಿಂಗಳ ಬಾಣಂತಿಗೆ 600 ಕ್ಯಾಲೊರಿ ಹೆಚ್ಚು ಬೇಕು. 600 ಅಂದರೆ ಮಾಮೂಲಿ ಊಟದ ಮೇಲೆ ಎರಡು ರೊಟ್ಟಿ, ಒಂದು ಶೇಂಗಾ ಉಂಡಿ, ಒಂದು ಹೆಚ್ಚು ಬಾಳೆಹಣ್ಣು. ತುಪ್ಪದ ಅಂಟಿನುಂಡಿ ಬದಲು ಕೊಬ್ಬರಿ, ಎಳ್ಳು, ಬೆಲ್ಲದ ಉಂಡಿ ಕೊಡಬಹುದು. ಬಿ12, ಕಬ್ಬಿಣ, ಅಯೋಡಿನ್, ಕ್ಯಾಲ್ಸಿಯಂ ಬಗ್ಗೆ ವೈದ್ಯರಿಗೆ ‘ಹಾಲೂ ಕುಡಿಯುವುದಿಲ್ಲ’ ಎಂದು ಬಿಚ್ಚಿ ಹೇಳಿ. ಬರೀ ಸಸ್ಯಾಹಾರಿ ಅಂದರೆ ಹಾಲು ಇದೆ ಎಂದೇ ತಿಳಿಯುತ್ತಾರೆ. ತಾಯಿಗೆ ಬಿ12 ಕೊರತೆಯಾದರೆ ಎದೆಹಾಲಿನ ಮಗುವಿನ ಮಿದುಳಿನ ಬೆಳವಣಿಗೆಗೇ ಏಟು.

ಮಗುವಿನ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಸುವುದು ಕೆಜಿ ತೂಕಕ್ಕೆ ಸುಮಾರು 30 ಮಿಲಿ. ಎಂಟು ಕೆಜಿ ಮಗುವಿಗೆ 240 ಮಿಲಿ. ಅಷ್ಟರಲ್ಲಿ ತೆಳು ಗಂಜಿ ಕೊಟ್ಟರೆ ಬರೀ ನೀರು ಕೊಟ್ಟಂತೆ. ಗಟ್ಟಿ ಮಾಡಿದರೆ ಮಗು ನುಂಗುವುದಿಲ್ಲ. ಇದಕ್ಕೆ ಮೊಳಕೆ ರಾಗಿ ಹಿಟ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಗಟ್ಟಿಯಾಗಿ ಬೇಯಿಸಿದ ಗಂಜಿ ಕುದಿ ನಿಂತು ಉಗುರುಬಿಸಿಗಿಂತ ಸ್ವಲ್ಪ ಮೇಲಿರುವಾಗ ಒಂದು ಟೀ ಚಮಚ ಮೊಳಕೆ ಹಿಟ್ಟು ಹಾಕಿ ತಿರುವಿ. ಅದರಲ್ಲಿರುವ ಅಮೈಲೇಸ್ ಪಿಷ್ಟವನ್ನು ಒಡೆದು ಕೆಲವೇ ನಿಮಿಷದಲ್ಲಿ ಗಂಜಿ ತೆಳ್ಳಗಾಗುತ್ತದೆ, ಕ್ಯಾಲೊರಿ ಅಷ್ಟೇ ಇರುತ್ತದೆ. ಕುದಿಯುವಾಗ ಹಾಕಿದರೆ ಅಮೈಲೇಸ್ ಸತ್ತು ಏನೂ ಆಗುವುದಿಲ್ಲ. ತೆಳ್ಳಗಾದ ಮೇಲೆ ಮತ್ತೊಮ್ಮೆ ಕುದಿಸಿ, ಒಂದು ಟೀ ಚಮಚ ಎಣ್ಣೆ ಬೆರೆಸಿ ಆರಿಸಿ ಕೊಡಿ.

ಜೋಳವನ್ನು ಮೊಳಕೆ ಕಟ್ಟಬೇಡಿ. ಎಳೆ ಜೋಳ ಮೇಯ್ದ ದನ ಸಾಯುವುದನ್ನು ರೈತರೆಲ್ಲ ಬಲ್ಲರು. ಸಯನೈಡ್ ಬಿಡುವ ಅದೇ ಅಂಶ ಜೋಳದ ಮೊಳಕೆಯಲ್ಲೂ ಇರುತ್ತದೆ. ಐದು ವರ್ಷದೊಳಗಿನವರಿಗೆ ಇಡೀ ಶೇಂಗಾ ಕೊಡಬೇಡಿ, ಗಂಟಲಿಗೆ ಸಿಕ್ಕುತ್ತದೆ. ಎದೆಹಾಲು ಎರಡು ವರ್ಷದವರೆಗೂ ಇರಲಿ. ಮಕ್ಕಳ ವೈದ್ಯರ ನಿಗಾ ಇಲ್ಲದೆ ಎರಡು ವರ್ಷದೊಳಗಿನ ಮಗುವನ್ನು ವೀಗನ್ ಮಾಡುವುದು ಬೇಡ ಎಂಬುದೇ ನಮ್ಮ ಅಭಿಪ್ರಾಯ.

ಜಾತ್ರೆ, ಮದುವೆ, ಹೋಟೆಲಿನಲ್ಲಿ ಏನು ತಿನ್ನಬಹುದು?

ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹದಲ್ಲಿ ರೊಟ್ಟಿ, ಪಲ್ಯ, ಚಟ್ನಿಪುಡಿಗೆ ತೊಂದರೆಯಿಲ್ಲ. ಮಾದಲಿಗೆ ತುಪ್ಪ-ಹಾಲು ಮೇಲೆ ಹಾಕುವುದಾದರೆ ಒಣ ಮಾದಲಿಯನ್ನೇ ಕೇಳಿ. ಹೋಳಿಗೆಯ ಹೂರಣದಲ್ಲಿ ಹಾಲಿಲ್ಲ, ತುಪ್ಪ ಬರುವುದು ಬೇಯಿಸುವಾಗ ಮತ್ತು ಬಡಿಸುವಾಗ. ಹೋಟೆಲಿನಲ್ಲಿ ಒಗ್ಗರಣೆ-ಮಿರ್ಚಿ, ಇಡ್ಲಿ, ಪೂರಿ ಸಾಮಾನ್ಯವಾಗಿ ಸರಿ. ಬಿಳಿ ಚಟ್ನಿಗೆ ಮೊಸರು ಹಾಕಿದ್ದಾರೋ ಕೇಳಿ. ಬೇಕರಿ ಬನ್ನು, ಬಿಸ್ಕತ್ತಿನಲ್ಲಿ ಹಾಲಿನ ಪುಡಿ ಇರುವುದೇ ಹೆಚ್ಚು. ಪೊಟ್ಟಣದ ಹಸಿರು ಚುಕ್ಕಿ ನೋಡಿ ಮೋಸಹೋಗಬೇಡಿ, ಅದು ಹಾಲಿರುವ ಸಸ್ಯಾಹಾರಕ್ಕೂ ಇರುತ್ತದೆ. ವೀಗನ್ ತಿನಿಸಿಗೆ 2022ರ ನಿಯಮದಂತೆ ‘ವಿ’ ಅಕ್ಷರದ ಬೇರೆ ಹಸಿರು ಗುರುತಿದೆ.

ಇಷ್ಟು ಎಣ್ಣೆ, ಬೆಲ್ಲ ತಿಂದರೆ ಶುಗರ್, ಹೃದಯದ ತೊಂದರೆ ಬರುವುದಿಲ್ಲವೇ?

ಮೈಗೆ ಸಾಲದೆ ಇರುವವರ ಕೊರತೆ ತುಂಬುವ ಲೆಕ್ಕ ಇದು. ಸೊಂಟ ಬೆಳೆಯುತ್ತಿರುವವರಿಗಲ್ಲ. ಸಕ್ಕರೆ ಕಾಯಿಲೆ ಇದ್ದವರು ಬೆಲ್ಲ, ಬಾಳೆಹಣ್ಣು ಬಿಟ್ಟು ಶೇಂಗಾ, ಎಳ್ಳು, ಎಣ್ಣೆಯಿಂದಲೇ ತುಂಬಿಸಿಕೊಳ್ಳಲಿ. ಬೆಲ್ಲ ಸಕ್ಕರೆಯ ತಮ್ಮ, ಬೇರೆ ಜಾತಿಯದ್ದಲ್ಲ. ಮಿರ್ಚಿ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವ ಗಾಡಿಯನ್ನು ದಿನಾ ನೆಚ್ಚಿಕೊಳ್ಳಬೇಡಿ.

ಎಲ್ಲ ಮಾಡಿದರೂ ತೂಕ ಏರುತ್ತಿಲ್ಲ. ಯಾವಾಗ ವೈದ್ಯರ ಹತ್ತಿರ ಹೋಗಬೇಕು?

ದಿನಕ್ಕೆ 300–500 ಕ್ಯಾಲೊರಿ ಹೆಚ್ಚಿಸಿದರೆ ವಾರಕ್ಕೆ ಕಾಲು ಕೆಜಿಯಿಂದ ಅರ್ಧ ಕೆಜಿ ಏರಬೇಕು. ಮೂರು ದಿನ ತಿಂದದ್ದನ್ನೆಲ್ಲ ತೂಗಿ ಬರೆದು ನೋಡಿ. ‘ಬಹಳ ತಿನ್ನುತ್ತೇನೆ’ ಅನ್ನುವವರ ಚೀಟಿಯಲ್ಲಿ 1,600 ಬಂದದ್ದೇ ಹೆಚ್ಚು. ಲೆಕ್ಕ ಸರಿಯಿದ್ದೂ ಇಳಿಯುತ್ತಲೇ ಇದ್ದರೆ, ಆರು ತಿಂಗಳಲ್ಲಿ ನೂರಕ್ಕೆ ಐದು ಪಾಲು ತೂಕ ತಾನಾಗಿ ಹೋಗಿದ್ದರೆ, ಎರಡು ವಾರ ಮೀರಿದ ಕೆಮ್ಮು, ರಾತ್ರಿ ಬೆವರು, ಅತಿ ಬಾಯಾರಿಕೆ, ಎದೆಬಡಿತ, ಮುಟ್ಟು ನಿಂತುಹೋಗುವುದು ಇದ್ದರೆ ಊಟದ ಪ್ರಯೋಗ ನಿಲ್ಲಿಸಿ. ಕ್ಷಯ, ಮಧುಮೇಹ, ಥೈರಾಯ್ಡ್ ಪರೀಕ್ಷೆ ಆಗಲೇಬೇಕು.

ಮನೆಯಲ್ಲಿ ನಾನೊಬ್ಬನೇ ವೀಗನ್. ಎರಡೆರಡು ಅಡುಗೆ ಮಾಡಬೇಕೇ?

ಬೇಡ. ರೊಟ್ಟಿ, ಪಲ್ಯ, ಬೇಳೆ, ಹಿಂಡಿ ಎಲ್ಲರಿಗೂ ಒಂದೇ. ಒಗ್ಗರಣೆ ಎಣ್ಣೆಯದಾಗಿರಲಿ, ತುಪ್ಪ ತಾಟಿನಲ್ಲಿ ಬೇಕಾದವರು ಹಾಕಿಕೊಳ್ಳಲಿ. ಮಜ್ಜಿಗೆ ಸಾರು, ಮೊಸರು ಬಜ್ಜಿ ಮಾಡುವ ದಿನ ಮೊಸರು ಬೆರೆಸುವ ಮೊದಲೇ ನಿಮ್ಮ ಪಾಲು ತೆಗೆದಿಡಿ, ಅದಕ್ಕೆ ಎರಡು ಚಮಚ ಶೇಂಗಾ ಪುಡಿ ಕಲಸಿ. ಹೀಗೆ ತೆಗೆದಿಡಲು ಒಂದು ಬೇರೆ ಬಟ್ಟಲು ಒಲೆಯ ಹತ್ತಿರವೇ ಇರಲಿ, ಇಲ್ಲದಿದ್ದರೆ ಗಡಿಬಿಡಿಯಲ್ಲಿ ಮರೆತುಹೋಗಿ ಆ ಹೊತ್ತು ಬರೀ ರೊಟ್ಟಿ-ಉಪ್ಪಿನಕಾಯಿಯಲ್ಲೇ ಮುಗಿಯುತ್ತದೆ.